ಮುಧೋಳದ ಮಾಲೋಜಿರಾಯರು ಮತ್ತು ಬೇಟೆನಾಯಿಯ ತಳಿ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕು ನಾಡಿನ ಜನರಿಗೆ ಮುಖ್ಯವಾಗಿ ಎರಡು ಕಾರಣಗಳಿಂದ ಪರಿಚಿತವಾಗಿದೆ. ಮೊದಲನೆಯದು ರನ್ನ ಮಹಾಕವಿ. ಬೆಳುಗಲಿ ಐನೂರು ಎಂಬ ನಾಡಿನ ಜಂಬುಖಂಡಿ ಎಪ್ಪತ್ತರಲ್ಲಿದ್ದ ಮುದುವೊಳಲು ಆತನ ಹುಟ್ಟೂರು. ಬಳೆಗಾರ ಮನೆತನದಲ್ಲಿ ಹುಟ್ಟಿದ ಆ ಕವಿಯ ಹೆಸರನ್ನು ಹಳೆಯ ಬೆಳುಗಲಿ ಇಂದು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ರನ್ನ ಬೆಳಗಲಿ ಎನಿಸಿಕೊಂಡಿದೆ. ಎರಡನೆಯದು ನಾಯಿ. ತೆಳ್ಳನೆಯ ನಡು, ಆಳವಾದ ಎದೆ, ನೀಳವಾದ ಮುಖ, ಬಾಣದಂತಹ ಓಟ, ಇವುಗಳಿಂದ ಕೂಡಿದ ಮುಧೋಳದ ಬೇಟೆನಾಯಿಯನ್ನು ಕಂಡವರು ಮರೆಯಲಾರರು. ಕವಿಯ ಚರಿತ್ರೆಯನ್ನು ನಾವೆಲ್ಲರೂ ತರಗತಿಗಳಲ್ಲಿ ಓದಿದ್ದೇವೆ. ನಾಯಿಯ ಹಿಂದೆ ನಿಂತ ಮನುಷ್ಯನ ಚರಿತ್ರೆಯನ್ನು ಓದಿದವರು ವಿರಳ. ಆ ಮನುಷ್ಯನೇ ಮುಧೋಳ ಸಂಸ್ಥಾನದ ಅರಸರಾಗಿದ್ದ ಶ್ರೀಮಂತ ರಾಜೇಸಾಹೇಬ ಸರ್ ಮಾಲೋಜಿರಾವ್ ವೆಂಕಟರಾವ್ ಘೋರ್ಪಡೆಯವರು.

ಅರಸರ ಜೀವನವೆಂದರೆ ಯುದ್ಧ, ಒಪ್ಪಂದ, ದರ್ಬಾರುಗಳ ಕಥೆಯೆಂದು ನಾವು ತಿಳಿದಿರುವುದು ವಾಡಿಕೆ. ಮಾಲೋಜಿರಾಯರ ಕಾಲಕ್ಕೆ ನಮ್ಮ ದೇಶದ ಸಂಸ್ಥಾನಿಕರಿಗೆ ಯುದ್ಧಮಾಡುವ ಅಧಿಕಾರವೇ ಉಳಿದಿರಲಿಲ್ಲ. ಅವರ ಹೆಸರು ಉಳಿದದ್ದು ಬೇರೆ ಕೆಲಸದಿಂದ. ಹಳ್ಳಿಗಳ ಅಂಗಳದಲ್ಲಿ ಅನಾದರದಿಂದ ಬಿದ್ದಿದ್ದ ಒಂದು ಪ್ರಾಣಿಯ ಬೆಲೆಯನ್ನು ಅರಿತು, ಒಳ್ಳೆಯದಕ್ಕೆ ಒಳ್ಳೆಯದನ್ನು ಕೂಡಿಸಿ, ಕೆಡುತ್ತಲಿದ್ದ ತಳಿಯನ್ನು ಅವರು ಮತ್ತೆ ನೆಟ್ಟಗೆ ಮಾಡಿದರು. ಈ ಕೆಲಸದ ಸ್ವರೂಪವೇನು, ಅದರಲ್ಲಿ ಅರಸರ ಪಾಲೆಷ್ಟು, ಪ್ರಜೆಗಳ ಪಾಲೆಷ್ಟು, ಅದು ಇಂದು ಯಾವ ಸ್ಥಿತಿಗೆ ಬಂದಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮುಧೋಳವು ದಕ್ಷಿಣ ಮರಾಠಾ ಸಂಸ್ಥಾನಗಳಲ್ಲೊಂದು. ವಿಸ್ತೀರ್ಣ ೩೬೮ ಚದರ ಮೈಲಿ. ೧೯೦೧ರ ಜನಗಣತಿಯಂತೆ ಜನಸಂಖ್ಯೆ ೬೩,೦೦೧. ರಾಜಧಾನಿಯಾದ ಮುಧೋಳ ಪಟ್ಟಣವು ಘಟಪ್ರಭಾ ನದಿಯ ಎಡದಂಡೆಯ ಮೇಲಿದೆ. ಆಗ ಅದರಲ್ಲಿ ವಾಸವಾಗಿದ್ದವರು ಎಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಂದಿ. ಭೂಪಟದಲ್ಲಿ ಹುಡುಕಿ ನೋಡಬೇಕಾದಷ್ಟು ಸಣ್ಣ ರಾಜ್ಯವಾದರೂ ಆಳುವ ಮನೆತನ ಮಾತ್ರ ಹಳೆಯದು. ಬಹಮನಿ ಸುಲ್ತಾನರ ಕಾಲದಿಂದ, ಬಿಜಾಪುರದ ಆದಿಲಶಾಹಿಯನ್ನು ಹಾದು, ಇಂಗ್ಲಿಷರ ಕಾಲದವರೆಗೆ ಘೋರ್ಪಡೆಯವರ ಹೆಸರು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ೧೬೪೮ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದವನು ಈ ಮನೆತನದ ಬಾಜಿ ಘೋರ್ಪಡೆಯೇ.

ಈ ಅಡ್ಡಹೆಸರಿನ ಹಿಂದೆಯೂ ಒಂದು ಪ್ರಾಣಿಯಿದೆ. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಹದಿನೈದನೆಯ ಶತಮಾನದಲ್ಲಿ, ಬಹಮನಿ ಮಂತ್ರಿ ಮಹಮೂದ ಗವಾನನ ದಂಡಯಾತ್ರೆಯಲ್ಲಿ, ಪೂರ್ವಿಕರಾದ ಕರ್ಣಸಿಂಹ ಮತ್ತು ಅವನ ಮಗ ಭೀಮಸಿಂಹ ಎಂಬವರು ಉಡದ ನಡುವಿಗೆ ಹಗ್ಗ ಬಿಗಿದು ಖೇಳಣಾ ಕೋಟೆಯ ಗೋಡೆಯನ್ನೇರಿದರೆಂದೂ, ಆ ಸಾಹಸಕ್ಕಾಗಿ ರಾಜಾ ಘೋರ್ಪಡೆ ಬಹಾದ್ದರ್ ಎಂಬ ಬಿರುದೂ ಮುಧೋಳದ ಜಹಗೀರೂ ದೊರೆತವೆಂದೂ ಮನೆತನದ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಗ್ರಹಿಸಬೇಕು. ಆದರೂ ಸುಣ್ಣಗಾರೆಯ ಅರಮನೆಯಲ್ಲಿ ಬೆಳೆಯುವ ಮಗುವಿಗೆ, ತನ್ನ ಕುಲದ ಹೆಸರು ಮಣ್ಣಿನಲ್ಲಿ ಹರಿದಾಡುವ ಒಂದು ಮೂಕಜಂತುವಿನಿಂದ ಬಂದುದೆಂದು ತಿಳಿದುಬರುವುದು ಸಣ್ಣ ಸಂಗತಿಯಲ್ಲ. ಮಾಲೋಜಿರಾಯರ ಕಾಲದಲ್ಲಿಯೇ, ೧೯೩೪ರಲ್ಲಿ, ದತ್ತೋ ವಿಷ್ಣು ಆಪ್ಟೆಯವರು ಬರೆದ ಘೋರ್ಪಡೆ ಮನೆತನದ ಇತಿಹಾಸವು ಮರಾಠಿಯಲ್ಲಿ ಪ್ರಕಟವಾಯಿತು. ವಂಶಾವಳಿಯ ಬೆಲೆ ಆ ಅರಮನೆಗೆ ಗೊತ್ತಿತ್ತು.

ಮಾಲೋಜಿರಾಯರು ಹುಟ್ಟಿದ್ದು ೧೮೮೪ರಲ್ಲಿ. ೧೯೦೦ರ ಜೂನ್ ತಿಂಗಳಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅವರಿಗೆ ಗಾದಿ ಬಂದಿತು. ಈ ಎರಡು ಇಸವಿಗಳನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಬಟಾಣಿ ಗಿಡಗಳನ್ನು ಬೆಳೆಸಿ ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡಲ್ ಎಂಬ ಪಾದ್ರಿ ತೀರಿಕೊಂಡದ್ದು ೧೮೮೪ರ ಜನವರಿಯಲ್ಲಿ. ಯಾರೂ ಓದದೆ ಮೂಲೆಗೆ ಬಿದ್ದಿದ್ದ ಆತನ ಪ್ರಬಂಧವನ್ನು ಯುರೋಪಿನ ಮೂವರು ಸಸ್ಯಶಾಸ್ತ್ರಜ್ಞರಾದ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಇವರು ಬೆಳಕಿಗೆ ತಂದದ್ದು ೧೯೦೦ರಲ್ಲಿ. ಇದು ಕೇವಲ ಕಾಕತಾಳೀಯ. ಮುಧೋಳದ ಬಾಲರಾಜನಿಗೂ ಬ್ರೂನ್ ನಗರದ ಪಾದ್ರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ತಳಿ ಕಟ್ಟುವ ಕೆಲಸವು ರೂಢಿಯಿಂದ ಶಾಸ್ತ್ರದ ಕಡೆಗೆ ಹೊರಳಿದ ಕಾಲದಲ್ಲಿಯೇ ಮಾಲೋಜಿರಾಯರು ಬದುಕಿದರೆಂಬುದನ್ನು ನೆನಪಿಡಬೇಕು. ಅವರ ವಿಧಾನ ಮಾತ್ರ ಹಳೆಯದು: ಕಣ್ಣಿನಿಂದ ನೋಡುವುದು, ಬಯಲಿನಲ್ಲಿ ಓಡಿಸುವುದು, ಆರಿಸುವುದು, ಕೂಡಿಸುವುದು, ಮತ್ತೆ ನೋಡುವುದು.

ಈ ನಾಯಿಗಳು ಮುಧೋಳಕ್ಕೆ ಬಂದುದೆಲ್ಲಿಂದ? ಪಶ್ಚಿಮ ಏಶಿಯದ ಸಲೂಕಿ ಮೊದಲಾದ ನಾಯಿಗಳ ಮೈಕಟ್ಟಿಗೂ ಇವುಗಳ ಮೈಕಟ್ಟಿಗೂ ಇರುವ ಹೋಲಿಕೆ ಎದ್ದುಕಾಣುತ್ತದೆ. ಅರಬರು, ಪಾರಸಿಕರು, ಪಠಾಣರು ಮೊದಲಾದ ವ್ಯಾಪಾರಿಗಳೂ ಸೈನಿಕರೂ ದಖ್ಖನಿಗೆ ಬರುವಾಗ ತಮ್ಮ ಬೇಟೆನಾಯಿಗಳನ್ನು ಕರೆತಂದರೆಂದೂ, ಅವು ಇಲ್ಲಿಯ ನಾಯಿಗಳೊಡನೆ ಬೆರೆತುವೆಂದೂ ನಂಬಿಕೆಯಿದೆ. ಸಾರ್ಥವಾಹರೊಡನೆ ಬಂದುದರಿಂದ ಇದಕ್ಕೆ ಕಾರವಾನಿ ಎಂಬ ಹೆಸರೂ ಇದೆ. ಕಿವಿ, ಕಾಲು, ಬಾಲಗಳಲ್ಲಿ ನೀಳವಾದ ಕೂದಲುಳ್ಳ ಬಗೆಗೆ ಪಶ್ಮಿ ಎನ್ನುವರು. ಬಂದವರು ಹೋದರು, ಕೆಲವರು ಇಲ್ಲಿಯ ಮಣ್ಣಿನಲ್ಲಿಯೇ ಸೇರಿದರು. ನಾಯಿಗಳು ಮಾತ್ರ ಊರವರ ಪಾಲಾದವು. ಅವುಗಳನ್ನು ನೂರಾರು ವರ್ಷ ಸಾಕಿ ಉಳಿಸಿದವರು ಪಂಡಿತರೂ ಅಲ್ಲ, ಅರಸರೂ ಅಲ್ಲ. ಕುರಿ ಕಾಯುವವರು, ಹೊಲ ಕಾಯುವವರು, ಮೊಲ, ಚಿಗರಿಗಳ ಬೇಟೆಯಿಂದ ಹೊಟ್ಟೆ ಹೊರೆಯುವವರು ಈ ನಾಯಿಗಳನ್ನು ಉಳಿಸಿಕೊಂಡರು. ಓಡಲಾರದ ನಾಯಿಗೆ ಅವರ ಮನೆಯಲ್ಲಿ ರೊಟ್ಟಿಯಿರಲಿಲ್ಲ. ಓಡುವ ನಾಯಿಯ ಮರಿಗೆ ಮಾತ್ರ ಊರೆಲ್ಲ ಬೇಡಿಕೆ. ಹೀಗೆ ಯಾವ ಪುಸ್ತಕವೂ ಇಲ್ಲದೆ, ಬಡತನವೇ ಪರೀಕ್ಷಕನಾಗಿ, ತಳಿಯು ತಕ್ಕಮಟ್ಟಿಗೆ ಶುದ್ಧವಾಗಿ ಉಳಿಯಿತು.

ಬೇಟೆಯ ಜನರ ವಿಷಯ ಹೇಳುವಾಗ ಹಲಗಲಿಯನ್ನು ನೆನೆಯದೆ ಮುಂದೆ ಹೋಗಲಾಗದು. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. ೧೮೫೭ರಲ್ಲಿ ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಕಟ್ಟಾಜ್ಞೆ ಹೊರಡಿಸಿದಾಗ ಅಲ್ಲಿಯ ಬೇಡರು ತಮ್ಮ ಕತ್ತಿ ಕಠಾರಿಗಳನ್ನು ಕೊಡಲೊಪ್ಪದೆ ಎದುರುನಿಂತರು. ಆ ವರ್ಷದ ನವೆಂಬರಿನ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಬೇಡರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಬಹಿರಂಗವಾಗಿ ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಇವರ ಹೆಸರು ಲಾವಣಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಇದು ನಡೆದದ್ದು ಮಾಲೋಜಿರಾಯರು ಹುಟ್ಟುವ ಇಪ್ಪತ್ತೇಳು ವರ್ಷ ಮೊದಲು. ಬೇಟೆಗಾರನ ಕೈಯಿಂದ ಆಯುಧವನ್ನು ಕಸಿದ ಕಾನೂನು ಅವನ ಪಕ್ಕದ ನಾಯಿಯನ್ನು ಕಸಿಯಲಿಲ್ಲ. ಆಯುಧವಿಲ್ಲದವನಿಗೆ ನಾಯಿಯೇ ಆಯುಧ. ಈ ಹಿನ್ನೆಲೆಯನ್ನು ಮರೆತರೆ ಮುಂದಿನ ಕಥೆ ಅರ್ಧವೇ ತಿಳಿಯುತ್ತದೆ.

ಸಂಸ್ಥಾನದ ಬೇಟೆಯ ಜನರು ಈ ನಾಯಿಗಳನ್ನು ಬಿಟ್ಟು ಬೇಟೆಯಾಡುತ್ತಿದ್ದುದನ್ನು ಮಾಲೋಜಿರಾಯರು ಕಂಡರು. ಕಂಡವರು ಅವರೊಬ್ಬರೇ ಅಲ್ಲ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ಕಂಡಿದ್ದನು. ಆ ಕಾಲದ ಶ್ರೀಮಂತರಲ್ಲಿ ವಿಲಾಯತಿ ನಾಯಿಗಳ ಮೋಹ ಬಲವಾಗಿತ್ತು. ಹಡಗಿನಲ್ಲಿ ಬಂದ ಗ್ರೇಹೌಂಡ್ ನಾಯಿಗೆ ಅರಮನೆಯ ಗಾದಿ, ಊರಿನ ನಾಯಿಗೆ ಬೀದಿಯ ಧೂಳು ಎಂಬುದು ಸಾಮಾನ್ಯ ನೀತಿ. ಮಾಲೋಜಿರಾಯರು ಈ ನೀತಿಯನ್ನು ತಲೆಕೆಳಗು ಮಾಡಿದರು. ತಮ್ಮ ಪ್ರಜೆಗಳ ಅಂಗಳದಲ್ಲಿದ್ದ ನಾಯಿಗಳಲ್ಲಿಯೇ ಲಕ್ಷಣವುಳ್ಳವನ್ನು ಆರಿಸಿ ಅರಮನೆಯ ಆಶ್ರಯದಲ್ಲಿ ತಳಿಯೆಬ್ಬಿಸಿದರು. ಬೇರೆ ನಾಯಿಗಳೊಡನೆ ಬೆರೆತು ಕುಂದುತ್ತಿದ್ದ ಜಾತಿಯು ಅವರ ಆಸ್ಥೆಯಿಂದ ಮತ್ತೆ ತನ್ನ ಸ್ವರೂಪಕ್ಕೆ ಬಂದಿತೆಂದು ಎಲ್ಲರೂ ಒಪ್ಪುತ್ತಾರೆ.

ಈ ಕೆಲಸ ಎಷ್ಟು ದೀರ್ಘವಾದುದೆಂಬುದನ್ನು ಲೆಕ್ಕಹಾಕಿ ನೋಡಬಹುದು. ಹೆಣ್ಣುನಾಯಿ ಮರಿಗಳನ್ನು ಹೊರುವುದು ಸುಮಾರು ಒಂಬತ್ತು ವಾರ. ಮರಿ ಬೆಳೆದು, ಅದರ ಓಟ, ದಮ್ಮು, ಸ್ವಭಾವಗಳು ಗೊತ್ತಾಗಿ, ಅದರಿಂದ ಮುಂದಿನ ಸಂತಾನ ಪಡೆಯಬೇಕಾದರೆ ಎರಡು ಮೂರು ವರ್ಷ ಹಿಡಿಯುತ್ತದೆ. ಮಾಲೋಜಿರಾಯರು ಗಾದಿಯ ಮೇಲಿದ್ದುದು ಮೂವತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ. ಅಂದರೆ ಒಬ್ಬ ಮನುಷ್ಯನ ಪೂರ್ಣ ಆಳಿಕೆಯಲ್ಲಿ ನಾಯಿಯ ಹನ್ನೆರಡು ಹದಿಮೂರು ತಲೆಮಾರುಗಳನ್ನು ಮಾತ್ರ ನೋಡಲು ಸಾಧ್ಯ. ಒಂದು ತಲೆಮಾರಿನಲ್ಲಿ ಆಯ್ಕೆ ತಪ್ಪಿದರೆ ಅದನ್ನು ಸರಿಪಡಿಸಲು ಮತ್ತೆರಡು ಬೇಕು. ಆತುರಗಾರನಿಗೆ ಈ ಕೆಲಸ ಒಗ್ಗದು.

ಆಯ್ಕೆಗೆ ಅಳತೆಗೋಲು ಯಾವುದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಮುಧೋಳದ ನಾಯಿ ಮೂಗಿನಿಂದ ಬೇಟೆಯಾಡುವ ಜಾತಿಯದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿಯದು. ತಲೆ ಕಿರಿದಾಗಿದ್ದು ಕಣ್ಣುಗಳು ಪಕ್ಕಕ್ಕೆ ಇರುವುದರಿಂದ ಅದರ ನೋಟದ ಹರವು ಬಲು ದೊಡ್ಡದು. ಎದೆ ಆಳವಾಗಿರುವುದು ಶ್ವಾಸಕೋಶಕ್ಕೂ ಹೃದಯಕ್ಕೂ ಎಡೆಗೊಡುವುದಕ್ಕಾಗಿ. ಹೊಟ್ಟೆ ಒಳಸೇದಿರುವುದು ಓಡುವಾಗ ಹಿಂಗಾಲು ಮುಂದಕ್ಕೆ ಚಾಚುವುದಕ್ಕಾಗಿ. ಪೂರ್ಣವೇಗದಲ್ಲಿ ಓಡುವಾಗ ಒಂದೊಂದು ದಾಪಿಗೂ ಎರಡು ಸಲ ಅದರ ನಾಲ್ಕೂ ಕಾಲುಗಳು ನೆಲವನ್ನು ಬಿಟ್ಟಿರುತ್ತವೆ. ಗಂಡುನಾಯಿ ಭುಜದವರೆಗೆ ೬೮ರಿಂದ ೭೨ ಸೆಂಟಿಮೀಟರ್, ಹೆಣ್ಣು ೬೪ರಿಂದ ೬೮ ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಪರಕೀಯರು ಮೈ ಮುಟ್ಟುವುದನ್ನು ಅದು ಸಹಿಸದು. ಸುಮ್ಮನೆ ಬಾಲವಾಡಿಸುವ ಗುಣವೂ ಕಡಿಮೆ. ಈ ಪ್ರತಿಯೊಂದು ಲಕ್ಷಣವೂ ಕೆಲಸದಿಂದ ಹುಟ್ಟಿದ್ದು. ಎರಿಭೂಮಿಯ ತೆರೆದ ಬಯಲಿನಲ್ಲಿ, ಸುಗ್ಗಿ ಮುಗಿದ ಜೋಳದ ಹೊಲದಲ್ಲಿ, ಎದ್ದು ಓಡುವ ಮೊಲವನ್ನು ಕಣ್ಣಳತೆಯೊಳಗೆಯೇ ಹಿಡಿಯಬೇಕಾದ ಪ್ರಾಣಿಗೆ ಬೇರೆ ಆಕಾರ ಸಲ್ಲದು.

ಬಣ್ಣದ ವಿಷಯ ಬೇರೆ. ಮುಧೋಳದ ನಾಯಿಗಳಲ್ಲಿ ಕೆನೆಬಣ್ಣ, ಕಂದು, ಬೂದು, ಕಪ್ಪು, ಬಿಳಿ ಮಚ್ಚೆ, ಹೀಗೆ ಹಲವು ಬಗೆಗಳಿವೆ. ಮೊಲದ ಬೆನ್ನುಹತ್ತುವವನಿಗೆ ನಾಯಿಯ ಬಣ್ಣ ಯಾವುದಾದರೇನು? ಆದುದರಿಂದಲೇ ಹಳ್ಳಿಗರು ಬಣ್ಣವನ್ನು ಅದರ ಪಾಡಿಗೆ ಬಿಟ್ಟರು. ಓಟವನ್ನು ಮಾತ್ರ ಬಿಡಲಿಲ್ಲ. ಆನುವಂಶಿಕತೆಯ ಶಾಸ್ತ್ರವು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಮೈಬಣ್ಣವು ಬಹುಮಟ್ಟಿಗೆ ಕೆಲವೇ ಜೀನುಗಳ ಆಟ. ಬೂದುಬಣ್ಣ ಅಡಗಿಕೊಂಡಿರುವ ಎರಡು ಕಪ್ಪು ನಾಯಿಗಳನ್ನು ಕೂಡಿಸಿದರೆ, ಮೆಂಡಲನ ಲೆಕ್ಕದಂತೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಬೂದಿಯಾಗಿ ಹುಟ್ಟುತ್ತದೆ. ಎರಡು ತಲೆಮಾರಿನಲ್ಲಿ ಬೇಕಾದ ಬಣ್ಣವನ್ನು ನೆಲೆಗೊಳಿಸಬಹುದು. ಓಟ ಹಾಗಲ್ಲ. ಎಲುಬು, ಸ್ನಾಯು, ಹೃದಯ, ಧೈರ್ಯ ಇವೆಲ್ಲ ಕೂಡಿ ಓಟವಾಗುತ್ತದೆ. ಇದಕ್ಕೆ ಅಸಂಖ್ಯಾತ ಜೀನುಗಳ ಸಹಕಾರ ಬೇಕು. ಅದನ್ನು ಗಳಿಸಲು ಶತಮಾನಗಳು ಬೇಕಾದವು. ಕಳೆಯಲು ಅಷ್ಟು ಕಾಲ ಬೇಕಾಗದು.

ಬಣ್ಣವನ್ನೇ ಬೆನ್ನಟ್ಟಿದರೆ ಏನಾಗುವುದೆಂಬುದಕ್ಕೆ ಹೊರದೇಶಗಳಲ್ಲಿ ನಿದರ್ಶನಗಳಿವೆ. ಪಾಶ್ಚಾತ್ಯ ದೇಶಗಳಲ್ಲಿ ಹಾವುಗಳನ್ನೂ ಮನೆಯಲ್ಲಿ ಸಾಕಿ, ವಿಚಿತ್ರವಾದ ಬಣ್ಣಕ್ಕಾಗಿಯೂ ಪಟ್ಟೆಗಳಿಗಾಗಿಯೂ ತಳಿ ಕಟ್ಟುವವರಿದ್ದಾರೆ. ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನಲ್ಲಿ ಜೇಡನ ಬಲೆಯಂತಹ ಸೊಗಸಾದ ಗೆರೆಗಳುಳ್ಳ ಸ್ಪೈಡರ್ ಎಂಬ ಬಗೆಯನ್ನು ಅವರು ಬೆಳೆಸಿದರು. ಆದರೆ ಆ ಗೆರೆಗಳನ್ನು ಕೊಡುವ ಜೀನಿನೊಡನೆಯೇ ತಲೆ ನಡುಗುವ, ಮೈಯ ತೋಲ ತಪ್ಪುವ ದೋಷವೂ ಅಂಟಿಕೊಂಡು ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಸಾಧ್ಯವಾಗಲಿಲ್ಲ. ನಾಯಿಗಳಲ್ಲಿಯೂ ಮರ್ಲ್ ಎಂಬ ಚಿತ್ರವಿಚಿತ್ರ ಮಚ್ಚೆಯ ಜೀನು ತಾಯಿತಂದೆಗಳಿಬ್ಬರಿಂದಲೂ ಬಂದರೆ ಮರಿ ಕಿವುಡಾಗಿಯೋ ಕುರುಡಾಗಿಯೋ ಹುಟ್ಟುವ ಸಂಭವ ಹೆಚ್ಚು. ಕಣ್ಣಿಗೆ ಚೆಲುವಾದುದಕ್ಕೆ ಪ್ರಾಣಿಯು ತನ್ನ ಕಣ್ಣನ್ನೇ ತೆರಬೇಕಾಗಿ ಬರುವುದು ಎಂತಹ ವಿಪರ್ಯಾಸ! ಮಾಲೋಜಿರಾಯರ ಕೀರ್ತಿಗೆ ಇದೇ ಮುಖ್ಯ ಆಧಾರವೆಂದು ನನಗೆ ತೋರುತ್ತದೆ. ಅವರು ಪ್ರದರ್ಶನದ ಗೊಂಬೆಗಳನ್ನು ಹುಡುಕಲಿಲ್ಲ. ಬೇಟೆಯ ಬಯಲಿನಲ್ಲಿ ತೇರ್ಗಡೆಯಾದ ನಾಯಿಗಳಿಂದ ಕೆಲಸವನ್ನು ಆರಂಭಿಸಿದರು. ಬೇಡರ ಅಳತೆಗೋಲನ್ನೇ ಅರಮನೆಯ ಅಳತೆಗೋಲನ್ನಾಗಿ ಮಾಡಿಕೊಂಡರು.

ಮುಂದೆ ಇಂಗ್ಲೆಂಡಿಗೆ ಹೋದಾಗ ಮಾಲೋಜಿರಾಯರು ಚಕ್ರವರ್ತಿ ಐದನೆಯ ಜಾರ್ಜರಿಗೆ ಈ ತಳಿಯ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಒಪ್ಪಿಸಿದರು. ರತ್ನಖಚಿತ ಖಡ್ಗ, ಆನೆಯ ದಂತ, ಜರತಾರಿ ಶಾಲುಗಳನ್ನು ಕೊಡುವುದು ಸಂಸ್ಥಾನಿಕರ ರೂಢಿಯಾಗಿತ್ತು. ಆ ಸಾಲಿನಲ್ಲಿ ಒಂದು ಜೋಡಿ ಹಳ್ಳಿಯ ನಾಯಿ! ಈ ಕಾಣಿಕೆಯಿಂದ ಮುಧೋಳ ಎಂಬ ಊರಿನ ಹೆಸರು ನಾಯಿಗೆ ಶಾಶ್ವತವಾಗಿ ಅಂಟಿತು. ದೇಶವಿದೇಶಗಳ ಶ್ವಾನಪ್ರಿಯರಲ್ಲಿ ಮುಧೋಳ ಹೌಂಡ್ ಎಂಬ ಮಾತು ಬಳಕೆಗೆ ಬಂದಿತು. ಅದಕ್ಕೆ ಮೊದಲು ಬೀದರಿನಿಂದ ಕೊಲ್ಹಾಪುರದವರೆಗೆ ಎಷ್ಟೋ ಊರುಗಳ ಅಂಗಳದಲ್ಲಿ ಇಂತಹ ನಾಯಿಗಳಿದ್ದವು. ಆದರೆ ಹೆಸರು ಬಂದದ್ದು ಮುಧೋಳಕ್ಕೆ.

ಹೆಸರಿನ ಈ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕಾಣಿಕೆ ಕೊಟ್ಟ ಅರಸರ ಹೆಸರು ಉಳಿಯಿತು, ಸ್ವೀಕರಿಸಿದ ಚಕ್ರವರ್ತಿಯ ಹೆಸರು ಉಳಿಯಿತು, ಊರಿನ ಹೆಸರು ಉಳಿಯಿತು. ಆ ಜೋಡಿ ನಾಯಿಗಳ ಅಜ್ಜ ಮುತ್ತಜ್ಜಿಯರನ್ನು ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟು ಸಾಕಿದವರ ಹೆಸರು ಎಲ್ಲಿಯೂ ಇಲ್ಲ. ಹಾಗೆಂದು ಮಾಲೋಜಿರಾಯರ ಕೀರ್ತಿ ಕುಂದುವುದಿಲ್ಲ. ಇದ್ದುದನ್ನು ಗುರುತಿಸುವುದೂ ಒಂದು ದೊಡ್ಡ ಗುಣವೇ. ನೂರು ಜನ ನೋಡಿ ಸುಮ್ಮನಾದದ್ದನ್ನು ಒಬ್ಬನು ಗುರುತಿಸಿದ್ದರಿಂದಲೇ ತಳಿ ಉಳಿಯಿತು. ಆದರೆ ಅವರು ಹೊಸ ನಾಯಿಯನ್ನು ಸೃಷ್ಟಿಸಿದರೆಂದು ಹೇಳುವುದು ಅತಿಶಯೋಕ್ತಿ. ಅವರು ಕೈಗೆತ್ತಿಕೊಂಡದ್ದು ಅಜ್ಞಾತರಾದ ಸಾವಿರಾರು ಜನರು ಅರ್ಧದವರೆಗೆ ತಂದಿರಿಸಿದ್ದ ಕೆಲಸವನ್ನು.

ಸಾವಿರದ ಒಂಬೈನೂರ ಮೂವತ್ತರ ದಶಕದ ಕೊನೆಯ ವರ್ಷಗಳಲ್ಲಿ ಮಾಲೋಜಿರಾಯರು ಕಾಲವಾದರು. ಗಾದಿಗೆ ಬಂದ ಭೈರವಸಿಂಹರಾಯರು ಆಗ ಇನ್ನೂ ಬಾಲಕರು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶ ಸ್ವತಂತ್ರವಾಯಿತು. ೧೯೪೮ರ ಮಾರ್ಚ್ ೮ರಂದು ದಖ್ಖನಿನ ಇತರ ಸಂಸ್ಥಾನಗಳೊಡನೆ ಮುಧೋಳವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ಏಕೀಕರಣದಲ್ಲಿ ಅದು ಕನ್ನಡನಾಡಿಗೆ ಸೇರಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ನಾಯಿಗಳು ಮತ್ತೆ ಹಳ್ಳಿಯ ಅಂಗಳಕ್ಕೆ ಮರಳಿದವು. ಅಲ್ಲಿಯೂ ಕಾಲ ಬದಲಾಗಿತ್ತು. ನೀರಾವರಿ ಬಂದು ಜೋಳದ ಬಯಲು ಕಬ್ಬಿನ ಪಡವಾಯಿತು. ಆಳೆತ್ತರದ ಕಬ್ಬಿನಲ್ಲಿ ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಕಾಣುವುದೇನು? ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂದು ಬೇಟೆಗೆ ಕಡಿವಾಣ ಬಿದ್ದಿತು. ಅದು ಆಗಲೇಬೇಕಾದ ಕೆಲಸ. ಒಂದು ಕಾಲಕ್ಕೆ ಈ ನಾಯಿಗಳು ಬೆನ್ನಟ್ಟುತ್ತಿದ್ದ ಚಿಂಕಾರಗಳಿಗಾಗಿಯೇ ಮುಧೋಳ, ಬೀಳಗಿ ತಾಲೂಕುಗಳ ಯಡಹಳ್ಳಿ ಪ್ರದೇಶದಲ್ಲಿ ೨೦೧೬ರಲ್ಲಿ ಅಭಯಾರಣ್ಯ ಘೋಷಿತವಾಯಿತು. ಬೇಟೆಯ ಮೃಗಕ್ಕೆ ಅಭಯ ದೊರೆತದ್ದು ಸಂತೋಷ. ಆದರೆ ಬೇಟೆಯ ನಾಯಿಗೆ ಅದರ ಪರೀಕ್ಷಾಮಂದಿರವೇ ಮುಚ್ಚಿಹೋಯಿತು.

ಆಮೇಲೆ ಬಂದ ಮನ್ನಣೆಗೆ ಕೊರತೆಯಿಲ್ಲ. ೨೦೦೫ರ ಜನವರಿಯಲ್ಲಿ ಭಾರತದ ಅಂಚೆ ಇಲಾಖೆಯು ನಾಲ್ಕು ದೇಶೀ ನಾಯಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಒಂದಾಗಿತ್ತು. ಮುಧೋಳಕ್ಕೆ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಸ್ಥಾಪನೆಗೊಂಡಿತು. ೨೦೧೬ರಲ್ಲಿ ಭಾರತೀಯ ಸೈನ್ಯವು ಈ ತಳಿಯ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿ ಕೊಡಲಾರಂಭಿಸಿತು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳ ರೇಡಿಯೋ ಭಾಷಣದಲ್ಲಿಯೂ ಇದರ ಉಲ್ಲೇಖವಾಯಿತು. ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು ದೇಶದ ಅಧಿಕೃತ ಪ್ರಾಣಿತಳಿಗಳ ಪಟ್ಟಿಯಲ್ಲಿ ಇದನ್ನು ದಾಖಲಿಸಿದೆ. ಮುಧೋಳ ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಬಡ ಕುಟುಂಬಗಳಿಗೆ ಮರಿಗಳ ಮಾರಾಟವು ಉಪಜೀವನದ ದಾರಿಯಾಗಿದೆ. ಮಾಲೋಜಿರಾಯರು ಇಂಗ್ಲೆಂಡಿನ ಅರಮನೆಯಲ್ಲಿ ಒಪ್ಪಿಸಿದ ಕಾಣಿಕೆಯ ಫಲ ಇಂದು ರೈತರ ಗುಡಿಸಲಿಗೆ ಬಂದು ಮುಟ್ಟಿದೆಯೆಂದರೆ ತಪ್ಪಾಗದು.

ಆದರೆ ಮಾರುಕಟ್ಟೆಗೂ ಒಂದು ಅಳತೆಗೋಲಿದೆ. ಅದು ಬೇಡರ ಅಳತೆಗೋಲಲ್ಲ. ಮರಿಯನ್ನು ಕೊಳ್ಳಲು ಪಟ್ಟಣದಿಂದ ಬರುವವನು ಅದರ ಓಟವನ್ನು ನೋಡಲಾರ. ಎರಡು ತಿಂಗಳ ಮರಿ ಓಡಿ ತೋರಿಸುವುದಾದರೂ ಏನನ್ನು? ಅವನ ಕಣ್ಣಿಗೆ ಬೀಳುವುದು ಬಣ್ಣ. ಅಪರೂಪದ ಬಣ್ಣಕ್ಕೆ ಹೆಚ್ಚು ಹಣ ದೊರೆಯುವುದಾದರೆ ಸಾಕುವವನು ಅಂತಹುದನ್ನೇ ಹುಟ್ಟಿಸಲು ನೋಡುವುದು ಸಹಜ. ಅವನ ಬಡತನವನ್ನು ಬಲ್ಲವರು ಅವನನ್ನು ದೂಷಿಸಲಾರರು. ಹತ್ತಿರದ ರಕ್ತಸಂಬಂಧದಲ್ಲಿಯೇ ಮತ್ತೆ ಮತ್ತೆ ಕೂಡಿಸಿದರೆ ಅಡಗಿದ್ದ ದೋಷಗಳು ಹೊರಬೀಳುತ್ತವೆ. ಬೇರೆ ಜಾತಿಯ ನಾಯಿಯನ್ನು ಬೆರೆಸಿದರೆ ಮೈಗಾತ್ರ ಬೆಳೆದು ಓಟ ಕುಗ್ಗುತ್ತದೆ. ಮಾಲೋಜಿರಾಯರು ಎತ್ತಿ ನಿಲ್ಲಿಸಿದ ತಳಿ ಹೆಸರಿನಲ್ಲಿ ಉಳಿದು ಗುಣದಲ್ಲಿ ಅಳಿದುಹೋಗುವ ಅಪಾಯವಿರುವುದು ಇಲ್ಲಿಯೇ. ಸೋತ ತಳಿಯನ್ನು ಹಳ್ಳಿಯಿಂದ ಆರಿಸಿತಂದು ಮತ್ತೆ ಎತ್ತಬಹುದಾಗಿತ್ತು, ಏಕೆಂದರೆ ಆಗ ಹಳ್ಳಿಯಲ್ಲಿ ಪರೀಕ್ಷೆ ನಡೆದೇ ಇತ್ತು. ಈಗ ಹಳ್ಳಿಯಲ್ಲಿಯೇ ಪರೀಕ್ಷೆ ನಿಂತರೆ ಇನ್ನೊಬ್ಬ ಮಾಲೋಜಿರಾಯರು ಹುಟ್ಟಿಬಂದರೂ ಆರಿಸುವುದು ಎಲ್ಲಿಂದ?

ಇದಕ್ಕೆ ಉಪಾಯವಿಲ್ಲವೆಂದಲ್ಲ. ಸೈನ್ಯದ ಕಾವಲು, ಹೊಲಮನೆಗಳ ರಕ್ಷಣೆ, ಜೀವಹಿಂಸೆಯಿಲ್ಲದ ಓಟದ ಪಂದ್ಯ, ಇವುಗಳಲ್ಲಿ ನಾಯಿಯ ನಿಜವಾದ ಗುಣಗಳು ಮತ್ತೆ ಪರೀಕ್ಷೆಗೆ ಒಳಗಾಗಬಹುದು. ತಿಮ್ಮಾಪುರದಂತಹ ಕೇಂದ್ರದಲ್ಲಿ ವಂಶಾವಳಿಯನ್ನು ಬರೆದಿಟ್ಟು, ಯಾವ ಮರಿ ಯಾವ ತಾಯಿಯದು, ಅದರ ಎದೆ ಎಂತಹುದು, ಓಟವೆಂತಹುದು ಎಂಬುದನ್ನು ದಾಖಲಿಸಿ, ಸಾಕುವ ಕುಟುಂಬಗಳಿಗೆ ಆ ತಿಳಿವಳಿಕೆಯನ್ನು ಮುಟ್ಟಿಸಿದರೆ ಬಣ್ಣಕ್ಕೆ ಬರುವ ಬೆಲೆ ಗುಣಕ್ಕೂ ಬಂದೀತು. ಘೋರ್ಪಡೆ ಮನೆತನದ ವಂಶಾವಳಿಯನ್ನು ಬರೆದಿಟ್ಟವರಿದ್ದರು. ಈ ಮೂಕಪ್ರಾಣಿಯ ವಂಶಾವಳಿಯನ್ನು, ಅದನ್ನು ಸಾಕಿದ ಮನೆಗಳ ಹೆಸರಿನೊಡನೆ, ಬರೆದಿಡುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ನಮ್ಮ ಕಾಲೇಜಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ, ರಬಕವಿ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಕಡಿಮೆಯಿಲ್ಲ. ಬೇಸಿಗೆಯ ರಜೆಯಲ್ಲಿ ತಮ್ಮ ಊರಿನ ಹಿರಿಯರ ಬಳಿ ಕುಳಿತು, ಯಾರ ಮನೆಯ ನಾಯಿ ಯಾವಾಗ ಹೆಸರಾಗಿತ್ತು, ಅದರ ಸಂತಾನ ಎಲ್ಲಿಗೆ ಹೋಯಿತು ಎಂದು ಕೇಳಿ ಬರೆದುಕೊಳ್ಳುವುದು ಅವರಿಗೆ ಅಸಾಧ್ಯವೇನಲ್ಲ. ಅದಕ್ಕೆ ಅರಸೊತ್ತಿಗೆ ಬೇಡ. ಒಂದು ನೋಟುಬುಕ್ಕು ಸಾಕು. ಹಿರಿಯರು ಇರುವಾಗಲೇ ಆ ಕೆಲಸವಾಗಬೇಕು.